ಪನ್ನೀರುದಾನಿ

"ಅಷ್ಟೂ ಕಸ ಗುಡಿಸಿ ಹಾಕ್ದೆ ನೋಡ್ರೀ!" ಎನ್ನುತ್ತ ಜನರಲ್ ಮ್ಯಾನೇಜರ್ ಲಕ್ಷ್ಮೀಪತಿಯವರು ಗಾಜಿನ ಬಾಗಿಲು ತಳ್ಳಿಕೊಂಡು ಕಂಪ್ಯೂಟರ್ ಕೋಣೆಗೆ ಬಂದಾಗ, ಪಂಪುಗಳ ಬಿಡಿಭಾಗದ ವಿವರವೆಲ್ಲ ಯಂತ್ರದಿಂದ ಅಳಿಸಿಹೋಗಿತ್ತು. ಅರ್ಥವಾಗದ ಹೆಸರಿನ ಫೈಲುಗಳೆಲ್ಲ ಅವರ ಪಾಲಿಗೆ ಕಸ. ಹೋದ ತಿಂಗಳೂ ಹೀಗೇ ಗುಡಿಸಿದ್ದರು. "ಈಗ ಎಷ್ಟು ಚೊಕ್ಕಟವಾಗಿದೆ!" ಎಂದು ಕೈ ಕೊಡವಿಕೊಂಡು ಹೊರಟೇಹೋದರು.

ರಾಜಾಜಿನಗರದ ಆ ಪಂಪ್ ಕಾರ್ಖಾನೆಗೆ ಕಂಪ್ಯೂಟರ್ ಬಂದು ವರ್ಷ ತುಂಬಿರಲಿಲ್ಲ; ಅದರ ಉಸ್ತುವಾರಿಗೆಂದು ಬಂದ ಶ್ಯಾಮಸುಂದರನ ನೌಕರಿಯೂ ಇನ್ನೂ ಖಾಯಂ ಆಗಿರಲಿಲ್ಲ. ಒಂದೇ ಯಂತ್ರ, ಅದಕ್ಕೆ ಜೋಡಿಸಿದ, ಕಾಗದದ ಸುರುಳಿಯ ಮೇಲೆ ಅಚ್ಚೊತ್ತುವ ಟರ್ಮಿನಲ್ಲುಗಳು ಎರಡು ಇಲ್ಲಿ, ಒಂದು ಅಕೌಂಟ್ಸಿನಲ್ಲಿ, ಒಂದು ಲಕ್ಷ್ಮೀಪತಿಯವರ ಕೋಣೆಯಲ್ಲಿ. ಹೆಸರು, ಗುಟ್ಟಿನ ಪದ ಟೈಪ್ ಮಾಡಿದರೆ ಯಂತ್ರ ಒಳಗೆ ಬಿಡುತ್ತಿತ್ತು. ಬಿಟ್ಟ ಮೇಲೆ ಯಾರು ಏನು ಬೇಕಾದರೂ ಮಾಡಬಹುದಿತ್ತು. ಹೆಸರು ಹೇಳಿದ ಕೂಡಲೇ 'ಇವರಿಗೆ ಇಷ್ಟೇ' ಎಂದು ಯಂತ್ರವೇ ಗೆರೆ ಎಳೆಯುವಂತೆ ಮಾಡುವುದು ಅವನಿಗೆ ಕಷ್ಟವಲ್ಲ. ಆದರೆ ಅವನನ್ನು ಖಾಯಂ ಮಾಡಬೇಕಾದವರು ಇದೇ ಲಕ್ಷ್ಮೀಪತಿ. 'ನಿಮಗೆ ಅಪ್ಪಣೆ ಇಲ್ಲ' ಎಂದು ಯಂತ್ರ ಅವರ ಮುಖಕ್ಕೆ ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ, ಮುಂದಿನ ಸಲ ಅವರು ಗುಡಿಸಿದ್ದಕ್ಕೆ ತನ್ನ ಕೆಲಸ ಹೋಗುತ್ತದೆ.

"ಇವ್ರನ್ನ ನೋಡಿದ್ರೆ ನಮ್ಮ ಪುರುಷೋತ್ತಮ ದೊಡ್ಡಪ್ಪನ ನೆನಪಾಗತ್ತೆ ಸಾರ್," ಎಂದಳು ಪಕ್ಕದ ಟರ್ಮಿನಲ್ಲಿನ ಜಲಜಾ. ಪ್ರೋಗ್ರಾಂ ಬರೆಯುವವಳು ಅವಳು. ಸಂಜೆ ಅವಳು ಮನೆಗೆ ಹೋದ ಮೇಲೆ ಅವಳ ಪ್ರೋಗ್ರಾಮುಗಳನ್ನು ತೆಗೆದು, ಅಲ್ಲೊಂದು ಇಲ್ಲೊಂದು ಸಾಲು 'ಸರಿ' ಮಾಡಿಡುವುದು ಶ್ಯಾಮಸುಂದರನ ಅಭ್ಯಾಸ. ಬೆಳಿಗ್ಗೆ ಅವು ಓಡುತ್ತಿರಲಿಲ್ಲ.

"ಯಾವ ಮದುವೆಗೆ ಹೋದ್ರೂ ಸೀದಾ ಅಡುಗೆಮನೆಗೇ ನುಗ್ಗೋರು. ಹುಳಿಗೆ ಉಪ್ಪು ಸುರಿಯೋರು, ಪಾಯಸಕ್ಕೆ ನೀರು ಹೊಯ್ಯೋರು. ಕೆಟ್ಟೋರಲ್ಲ ಸಾರ್, ಎಲ್ಲಾನೂ ಸರಿಮಾಡೋ ಚಪಲ. ಅಡುಗೆಭಟ್ರು ಸೌಟು ಬಿಸಾಕಿ ಎದ್ದುಹೋಗಿದ್ರು ಒಂದ್ಸಲ."

"ಬೇಡ ಅಂತ ಹೇಳಬಹುದಿತ್ತಲ್ರೀ?"

"ದೊಡ್ಡಪ್ಪಂಗಾ? ಉಂಟೇನ್ ಸಾರ್! ನಮ್ಮಕ್ಕನ ಮದುವೇಲಿ ಅಮ್ಮ ಏನ್ಮಾಡಿದ್ರು ಗೊತ್ತಾ? ವಿಜಯನಗರದ ಛತ್ರದ ಬಾಗಿಲಲ್ಲೇ ಮೆತ್ತನೆ ಕುರ್ಚಿ ಹಾಕ್ಸಿ, ಕೊರಳಿಗೆ ಹಾರ ಹಾಕಿ, ಕೈಗೆ ಬೆಳ್ಳಿ ಪನ್ನೀರುದಾನಿ ಕೊಟ್ರು. 'ಭಾವ, ಇದು ನಿಮ್ಮಂಥ ದೊಡ್ಡೋರೇ ಮಾಡ್ಬೇಕಾದ ಕೆಲಸ' ಅಂದ್ರು. ಅಷ್ಟೇ. ಸಂಜೆವರೆಗೂ ಬಂದೋರ್ ಮೇಲೆಲ್ಲ ಪನ್ನೀರು ಚಿಮುಕಿಸ್ತಾ ಕೂತಿದ್ರು. ಹುಳಿ ಅವತ್ತು ಎಷ್ಟು ಚೆನ್ನಾಗಿತ್ತು ಅಂತೀರಾ!"

ಶ್ಯಾಮಸುಂದರ ಎದ್ದು ಅವಳ ಟರ್ಮಿನಲ್ಲಿನ ಬಳಿ ಬಂದು ನಿಂತ. ಆಮೇಲೆ ಒಂದೊಂದೇ ಸಾಲು ಹೇಳುತ್ತ ಹೋದ. ಜಲಜಾ ಟೈಪ್ ಮಾಡುತ್ತ ಹೋದಳು.

ಮರುದಿನ ಬೆಳಿಗ್ಗೆ ಲಕ್ಷ್ಮೀಪತಿಯವರು ಹೆಸರು ಟೈಪ್ ಮಾಡಿದರೋ ಇಲ್ಲವೋ, ಟರ್ಮಿನಲ್ಲು ಟಣ್ ಟಣ್ ಟಣ್ ಎಂದು ಗಂಟೆ ಬಾರಿಸಿತು. ಕಾಗದದ ಸುರುಳಿ ಕಟಕಟನೆ ಬಿಚ್ಚಿಕೊಂಡಿತು. ಸುತ್ತಲೂ ನಕ್ಷತ್ರಗಳ ತೋರಣ. ನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ: 'ಕಾರ್ಖಾನೆಯ ಕಣ್ಮಣಿ ಲಕ್ಷ್ಮೀಪತಿಯವರು ದಯಮಾಡಿಸಬೇಕು.' ಅದರ ಕೆಳಗೆ ಅವರು ಮಾಡಬಹುದಾದ ಕೆಲಸಗಳು: ವರದಿ ನೋಡುವುದು, ತಾರೀಖು ನೋಡುವುದು, ಎಲ್ಲ ಟರ್ಮಿನಲ್ಲುಗಳಿಗೂ ಶುಭಾಶಯ ಕಳಿಸುವುದು. ಅಭ್ಯಾಸಬಲದಿಂದ ಅವರು ಯಾವುದೋ ಫೈಲನ್ನು ಅಳಿಸಲು ಹೋದರು. 'ತಮ್ಮಂಥವರಿಗೆ ಈ ಶ್ರಮವೇಕೆ?' ಎಂದು ಅಚ್ಚಾಯಿತು.

ಕರೆ ಬಂತು. ಶ್ಯಾಮಸುಂದರ ಅವರ ಕೋಣೆಗೆ ಹೋಗಿ ನಿಂತ.

"ಏನ್ರೀ, ಈ ಗಂಟೆ ಎಲ್ರಿಗೂ ಹೊಡೆಯತ್ತಾ?"

"ಇಲ್ಲ ಸಾರ್, ತಮಗೊಬ್ಬರಿಗೇ."

"ಅಕೌಂಟ್ಸ್ ಚನ್ನಮಲ್ಲಪ್ಪಂಗೆ?"

"ಅವರಿಗೆಲ್ಲಿಂದ ಸಾರ್!"

ಲಕ್ಷ್ಮೀಪತಿಯವರ ಮುಖ ಅರಳಿತು. ಆ ದಿನವೆಲ್ಲ ಶುಭಾಶಯಗಳು ಹರಿದುಬಂದವು. 'ಎಲ್ಲರಿಗೂ ನಮಸ್ಕಾರ. ಲಕ್ಷ್ಮೀಪತಿ.' ಚನ್ನಮಲ್ಲಪ್ಪನವರ ಜಮಾಖರ್ಚಿನ ತಾಳೆಪಟ್ಟಿಯ ನಟ್ಟನಡುವೆ 'ಕಾಫಿ ಆಯಿತೇ? ಲಕ್ಷ್ಮೀಪತಿ' ಎಂದು ಅಚ್ಚಾಯಿತು. ಆದರೆ ಒಂದು ಫೈಲೂ ಅಳಿಯಲಿಲ್ಲ. ಸಂಜೆ ಹೋಗುವ ಮುಂಚೆ ಅವರು ಶ್ಯಾಮಸುಂದರನನ್ನು ಖಾಯಂ ಮಾಡಿ ಸಹಿ ಹಾಕಿದರು.

ಖಾಯಂ ನೌಕರನಾಗಿ ಮೊದಲ ದಿನ. ಶ್ಯಾಮಸುಂದರ ಹೊಸ ಷರ್ಟು ಮುದುಡಬಾರದೆಂದು ಕೆಂಗೇರಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದ. ದಾರಿಯುದ್ದಕ್ಕೂ ಜಲಜಾಳ ಹೊಸ ಪ್ರೋಗ್ರಾಮಿನ ಒಂದು ಸಾಲು ಅವನ ಮನಸ್ಸನ್ನು ಕೊರೆಯುತ್ತಿತ್ತು; ಅದನ್ನೊಂದಿಷ್ಟು ಸರಿಮಾಡಬೇಕು. ಕೂತವನೇ ಹೆಸರು ಟೈಪ್ ಮಾಡಿದ.

ಟಣ್ ಟಣ್ ಟಣ್.

ನಕ್ಷತ್ರಗಳು ಒಂದೊಂದಾಗಿ ಮೂಡಿದವು. 'ಖಾಯಂ ಅಧಿಕಾರಿ ಶ್ಯಾಮಸುಂದರ ಅವರು ದಯಮಾಡಿಸಬೇಕು.' ಅವನು ಆ ಪ್ರೋಗ್ರಾಮಿನ ಹೆಸರು ಒತ್ತಿದ. 'ತಮ್ಮಂಥವರಿಗೆ ಈ ಶ್ರಮವೇಕೆ?'

"ಜಲಜಾ ಅವ್ರೇ..."

"ಏನ್ ಸಾರ್?" ಅವಳು ತಲೆಯೆತ್ತಲಿಲ್ಲ. ಬೆರಳುಗಳು ಓಡುತ್ತಲೇ ಇದ್ದವು.

ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ಅವನು ಕೇಳಲಿಲ್ಲ. ಕೊನೆಗೆ ಕೈ ಸುಮ್ಮನಿರಲಾರದೆ, ಪಟ್ಟಿಯಲ್ಲಿದ್ದ ಅದೇ ಮೂರು ಕೆಲಸಗಳಲ್ಲಿ ಒಂದನ್ನು ಆರಿಸಿ, 'ಎಲ್ಲರಿಗೂ ನಮಸ್ಕಾರ. ಶ್ಯಾಮಸುಂದರ' ಎಂದು ಕಳಿಸಿದ. ಕ್ಷಣ ಕಳೆಯುವಷ್ಟರಲ್ಲಿ ಅವನ ಮುಂದಿನ ಕಾಗದ ಕಟಕಟನೆ ಅಲುಗಿತು:

'ನಮಸ್ಕಾರ. ಕಾಫಿ ಆಯಿತೇ? ಲಕ್ಷ್ಮೀಪತಿ.'

ಶ್ಯಾಮಸುಂದರ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಬಹಳ ಜತನದಿಂದ ಟೈಪ್ ಮಾಡಿದ: 'ಆಯಿತು. ತಮ್ಮದು?'