ಹಸೀನಾ ಬರೆದ ಪುಟ

ಜೋಳದ ರಾಶಿಯ ಕಾಲ. ಕಣದಿಂದ ಬಂದ ನೀಲವ್ವ ಕೈ ತೊಳೆದು, ಊರ ಬಾವಿಗಳ ನೀರಿನ ಸುದ್ದಿ ಹೇಳುವ ವೆಬ್‌ಪುಟ ತೆರೆದಳು. ಯಾವ ವೆಬ್‌ಪುಟವೇ ಆಗಲಿ, ಬರೆದವರು ದಿನಕ್ಕೊಮ್ಮೆ ಅಂಗೈಯಿಂದ ಮುಟ್ಟದಿದ್ದರೆ ಬಾಡುತ್ತದೆ. ಬರೆದವರು ಸತ್ತರೆ ಅವರಿಂದ ಆ ಕೆಲಸ ಕಲಿತವರು, ಪುಟ ಹುಟ್ಟಿದ ಊರಲ್ಲೇ ಇದ್ದು ಮುಟ್ಟಬೇಕು. ಈ ಪುಟ ಬರೆದು ತೀರಿಹೋದ ಹಸೀನಾಳಿಂದ ಕಲಿತವಳು ನೀಲವ್ವ ಒಬ್ಬಳೇ.

ದೂರದ ಊರಿನಿಂದ ತಂಗಿ ಫೋನು ಮಾಡಿದಳು.

"ನನ್ನ ಮಗಳ ಮದುವಿಗರ ಬಾ ಅಕ್ಕಾ. ಪುಟದಾಗ ಹಸೀನಾನ ಹೆಸರು ತಗದು ಇಂಟರ್ನೆಟ್ ಕಂಪನಿ ಹೆಸರು ಹಾಕಿದ್ರ ಇನ್ಮ್ಯಾಲೆ ತಾನಾ ಬದುಕತೈತಂತ, ಸುದ್ದ್ಯಾಗ ಬಂದೈತಿ."

"ಆಕಿ ಬರದದ್ದಕ್ಕ ಮಂದಿ ಹೆಸರು ಹ್ಯಾಂಗ ಹಾಕ್ಲಿ?"

"ಹಂಗಾರ ಆಕೀನ ನಿನ್ನ ತಂಗಿ ಅನ್ಕೊ."

ಫೋನು ಕಟ್ಟಾಯಿತು. ಮದುವೆಗೆ ಉಡಲೆಂದು ತಂದಿಟ್ಟ ಸೀರೆಯನ್ನು ನೀಲವ್ವ ಮಡಿಚಿ, ಮದುಮಗಳ ಹೆಸರಿಗೆ ಅಂಚೆಗೆ ಕಟ್ಟಿದಳು. ಆಮೇಲೆ ಪರದೆಗೆ ಅಂಗೈ ಒತ್ತಿದಳು. ಪುಟದ ತಳದಲ್ಲಿ ಮಾಸಿದ್ದ ಹಸೀನಾಳ ಹೆಸರು ನಿಧಾನವಾಗಿ ಕಪ್ಪೇರಿತು.