ವಸ್ತ್ರ ಹಾಕಿದ ಸೀಟು

“ಮಾರ್ಕ್ ಅಂದ್ರ ಮಾರ್ಕ್ ರೀ ಅಕ್ಕಾರ. ಗಿರಣಿ ರಾಚಪ್ಪ ಮುಂದ ಅದಾನ, ನಾ ಏನ್ ಮಾಡ್ಲಿ?”

ಶಿವಪುತ್ರ ಮೊಬೈಲಿನಿಂದ ತಲೆ ಎತ್ತಲಿಲ್ಲ. ದಾನೇಶ್ವರಿ ಬಸ್ಸಿನ ಕಂಬಿ ಹಿಡಿದು ನಿಂತಿದ್ದಳು, ಎಂದಿನಂತೆ.

‘ಬಸ್ ಎಲ್ಲೈತಿ’ ಅವನು ಕಟ್ಟಿದ ವಾಟ್ಸ್ಯಾಪ್ ಗುಂಪು. ಕೌಜಲಗಿಯಲ್ಲಿ ಹೊರಟು ಕುಲಗೋಡ, ಅರಭಾವಿ ಹಾದು ಗೋಕಾಕಕ್ಕೆ ಹೋಗುವ ಮುಂಜಾನೆಯ ಬಸ್ಸು ಎಲ್ಲಿದೆ, ಎಷ್ಟು ಗದ್ದಲವಿದೆ ಎಂದು ಕಂಡವರು ಬರೆಯಬೇಕು. ಖರೆ ಸುದ್ದಿಗೆ ಮಾರ್ಕು, ಸುಳ್ಳಿಗೆ ಕಡಿತ, ಬರೀ ಗುಡ್ ಮಾರ್ನಿಂಗ್ ಹಾಕಿದವರಿಗೆ ಬೈಗುಳ. ಈ ತಿಂಗಳಿನಿಂದ ಬಹುಮಾನವೂ ಉಂಟು: ತಿಂಗಳ ಕೊನೆಗೆ ಹೆಚ್ಚು ಮಾರ್ಕು ಪಡೆದವರಿಗೆ ಮುಂದಿನ ತಿಂಗಳಿಡೀ ಒಂದು ಸೀಟು. ಬಸ್ಸು ಹೊರಡುವಲ್ಲೇ ಹತ್ತುವ ಶಿವಪುತ್ರ ಅದರ ಮೇಲೆ ತನ್ನ ಹೆಗಲ ಮೇಲಿನ ವಸ್ತ್ರ ಹಾಕಿ ಹಿಡಿಯುತ್ತಾನೆ. ವಸ್ತ್ರ ಬಿದ್ದ ಸೀಟಿನಲ್ಲಿ ಈ ಕಡೆ ಬೇರೆ ಯಾರೂ ಕೂರುವುದಿಲ್ಲ.

ಆ ಸೀಟು ದಾನೇಶ್ವರಿಗೆ ಬೇಕಿತ್ತು. ಗೋಕಾಕದ ಡಾಕ್ಟರಮ್ಮ ಹೇಳಿದ್ದರು: “ಬಸ್ಸಿನ್ಯಾಗ ನಿಂತ ಹೋಗಬ್ಯಾಡ. ಹೋದ ಸಲದ್ದು ನೆನಪೈತಲ್ಲ?” ನೆನಪಿತ್ತು. ಹೋದ ಸಲ ಬಸುರಾದ ಖುಷಿಗೆ ಬಸ್ಸಿಗೆಲ್ಲ ಪೇಢಾ ಹಂಚಿದ್ದಳು. ವಾರ ಕಳೆಯುವುದರೊಳಗೆ ಹೊಟ್ಟೆ ಬರಿದಾಗಿತ್ತು. ಈ ಸಲ ಮೂರು ತಿಂಗಳು ತುಂಬುವ ತನಕ ಹೊರಗೆ ಬಾಯಿ ಬಿಡಬಾರದೆಂದು ತವರಿನಲ್ಲಿದ್ದ ಅವ್ವ ಆಣೆ ಹಾಕಿಸಿದ್ದಳು. ಹೇಳದಿದ್ದರೆ ಸೀಟು ಯಾರು ಬಿಟ್ಟಾರು? ಮುಂದಿನ ಬಸ್ಸಿಗೆ ತಡವಾಗಿ ಹೋದರೆ ಅರಭಾವಿಯ ಸಸಿ ತೋಟದಲ್ಲಿ ಕೆಲಸ ಉಳಿಯುವುದಿಲ್ಲ.

ಅದಕ್ಕೇ ತಿಂಗಳಿಡೀ ಕುಲಗೋಡದ ಸ್ಟ್ಯಾಂಡಿನಿಂದ ಸುದ್ದಿ ಬರೆದಿದ್ದಳು. ಆದರೆ ದಿನವೂ ಅವಳಿಗಿಂತ ಮೊದಲು ತವರೂರು ಕೌಜಲಗಿಯ ಆ ಗಿರಣಿಯವನ ನಂಬರು. “ಬಸ್ ಈಗ ಬಿಟ್ಟೈತಿ. ಕುಲಗೋಡದವ್ರು ಓಡಿ ಬರಬ್ಯಾಡ್ರಿ.” “ಹಿಂದಿನ ಬಾಗಲಾ ಕೆಟ್ಟೈತಿ. ಕುಲಗೋಡದವ್ರು ಮುಂದ ನಿಂದರ್ರಿ, ನೂಕಾಡಬ್ಯಾಡ್ರಿ.”

ಮಾರ್ಕು ಹೊಡೆಯುವುದಲ್ಲದೆ ಬುದ್ಧಿಮಾತು ಬೇರೆ!

“ಕೌಜಲಗಿ ಸ್ಟ್ಯಾಂಡಿನ ಎದುರಿಗೇ ಅವನ ಗಿರಣಿ. ಹಿಟ್ಟ ಬೀಸಕೋಂತ ಬಸ್ ನೋಡಿ ಬರೀತಾನ. ಅದೇನ್ ಶಾಣ್ಯಾತನ? ಬಸ್ಸೇ ಹತ್ತದವಗ ಸೀಟ್ ಯಾಕ್ರಿ?”

“ಅಂವ ಹತ್ತದಿದ್ರ ಬೇಕಾದವರ ಹೆಸರ ಹೇಳಬಹುದು. ಹಂಗೈತಿ ನಿಯಮ.”

“ಅಂದ್ರ ಅವನ ಬೀಗ್ರು ಯಾರೋ ಬಂದ ಕುಂದರತಾರ! ದಿನಾ ಜೋತ ಬೀಳಾವ್ರು ನಾವು. ನ್ಯಾಯ ಏನ್ರಿ ಇದು?”

“ಅಕ್ಕಾರ ಮಾತ ಬರೋಬ್ಬರಿ ಐತಿ,” ಎಂದ ಬೀರಸಿದ್ದಪ್ಪ. ಕುಲಗೋಡದ ಚಹಾದಂಗಡಿಯಲ್ಲಿ ಕುಳಿತೇ ಸುದ್ದಿ ಬರೆಯುವ ಆಸಾಮಿ. ಸುತ್ತ ನಿಂತವರೂ ಹೂಂಗುಟ್ಟಿದರು.

ಅದು ತಿಂಗಳ ಕೊನೆಯ ದಿನ. ಸಂಜೆ ಗುಂಪಿನಲ್ಲಿ ಮತ ಹಾಕಿದರು. ಬಸ್ಸು ಹತ್ತದವರಿಗೆ ಮಾರ್ಕಿಲ್ಲ. ರಾಚಪ್ಪನನ್ನು ಗುಂಪಿನಿಂದಲೇ ತೆಗೆದರು.

ದಿನದಂತೆ ಅವ್ವನ ಫೋನು ಬಂತು, ಅವಳ ಆ ಹಳೆಯ ಗುಂಡಿ ಫೋನಿನಿಂದ. “ಇವತ್ತರ ಸೀಟ್ ಸಿಕ್ತೇನವಾ?”

“ನಾಳಿಂದ ಸಿಗತೈತಿ ಯವ್ವಾ.”

“ಸಿಗತೈತಿ, ಸಿಗತೈತಿ,” ಎಂದು ಅವ್ವ ನಕ್ಕಳು.

ಮರುದಿನ ದಾನೇಶ್ವರಿ ಹತ್ತಿದಾಗ ಸೀಟಿನ ಮೇಲೆ ವಸ್ತ್ರವಿತ್ತು. ಅವಳು ಅತ್ತ ಕಾಲಿಡುತ್ತಲೇ ಶಿವಪುತ್ರ ಕೈ ಅಡ್ಡ ಹಿಡಿದ.

“ತಡೀರಿ ಅಕ್ಕಾರ. ರಾಚಪ್ಪನ ಬಿಟ್ಟರ ಬೀರಸಿದ್ದಪ್ಪ. ನಿಮ್ದು ಮೂರನೇ ನಂಬರ. ಅಂವಾ ಬಸ್ ಹತ್ತಾಂವಾನ ಅಲ್ಲೇನ್ರಿ?”

ಬೀರಸಿದ್ದಪ್ಪ ಕುಳಿತ. ಶಿವಪುತ್ರನ ವಸ್ತ್ರವನ್ನು ತನ್ನ ಹೆಗಲಿಗೇರಿಸಿಕೊಂಡು ಕಣ್ಣು ಮುಚ್ಚಿದ. ನ್ಯಾಯ ಕೇಳಿದವಳು ತಾನೇ. ಇನ್ನು ಯಾರಿಗೆ ಏನೆಂದಾಳು? ದಾನೇಶ್ವರಿ ಕಂಬಿ ಹಿಡಿದಳು.

ಊರು ದಾಟಿದ ಮೇಲೆ ಫೋನು ಬಡಿದುಕೊಂಡಿತು. ಅವ್ವ. ಹಿಂದೆ ಏನೋ ಗಡಗಡ ಸದ್ದು.

“ದಾನವ್ವಾ, ಗಿರಣ್ಯಾಗ ಅದೀನಿ, ಜೋರಾಗಿ ಮಾತಾಡು. ತಿಂಗಳ ತನಕ ದಿನಾ ಸ್ಟ್ಯಾಂಡಿನ್ಯಾಗ ನಿಂತ ಬಸ್ ನೋಡಿ, ಈ ರಾಚಪ್ಪನ ಕೈಲೆ ಬರಸೀನಿ. ಸೀಟ್ ನಿನ್ನ ಹೆಸರಿಗಿ ಮಾಡಸಬೇಕಂತ. ಮೊದಲ ಹೇಳಿದ್ರ ದೃಷ್ಟಿ ಆದೀತಂತ ನಿನಗೂ ಹೇಳಲಿಲ್ಲ. ಈಗ ನೋಡಿದ್ರ ಯಾವಾಕಿನೋ ಚಾಡಿ ಹೇಳಿ ತಗಸ್ಯಾಳಂತ! ಆಕಿ ಹೊಟ್ಟಿ…”

“ಯವ್ವಾ!” ದಾನೇಶ್ವರಿ ಚೀರಿದಳು. “ಶಾಪಾ ಹಾಕಬ್ಯಾಡ!”

ತಿರುವಿನಲ್ಲಿ ಬಸ್ಸು ವಾಲಿತು. ನಿದ್ದೆ ಹತ್ತಿದ್ದ ಬೀರಸಿದ್ದಪ್ಪನ ಹೆಗಲಿನಿಂದ ವಸ್ತ್ರ ಜಾರಿ ಅವಳ ಪಾದದ ಮೇಲೆ ಬಿತ್ತು. ಆ ಗದ್ದಲದಲ್ಲಿ ಬಗ್ಗಿ ಎತ್ತಿಕೊಳ್ಳಲೂ ಜಾಗವಿರಲಿಲ್ಲ.