ಬಡ್ಡಿಗಿಂತ ಮೇಲಿನ ಸಾಲು

ಹೆಂಡತಿಯ ಟ್ಯಾಕ್ಸ್ ರಿಟರ್ನ್ ತುಂಬುತ್ತಿದ್ದ ಇಂದ್ರೇಶ್‌ನ ಬೆರಳು ತಟ್ಟನೆ ನಿಂತಿತು. ಅವಳಿಗೆ ಸಂಪಾದನೆಯಿಲ್ಲ, ಬಡ್ಡಿಗೆ ತೆರಿಗೆ ಬೀಳುವುದಿಲ್ಲ ಎಂದು ಉಳಿತಾಯವನ್ನೆಲ್ಲ ಅವಳ ಹೆಸರಿನಲ್ಲೇ ಇಟ್ಟಿದ್ದ. ಈಗ ಬಡ್ಡಿಗಿಂತ ಮೇಲಿನ ಸಾಲಿನಲ್ಲಿ, ತೆರಿಗೆ ಇಲಾಖೆಗೆ ಬಂದ ಮಾಹಿತಿಯಿಂದ ತಾನಾಗಿಯೇ, ಅವಳ ಸಂಬಳ ಮೂಡಿತ್ತು: ಇಪ್ಪತ್ತೆರಡು ಸಾವಿರ ಡಾಲರ್, ಪಕ್ಕದ ಬಡಾವಣೆ ಡ್ಯಾಂಡಿನಾಂಗ್‌ನ ಬಿಸ್ಕತ್ತು ಫ್ಯಾಕ್ಟರಿಯಿಂದ.

“ಏನೇ ಇದು? ದಿನಾ ದೇವಸ್ಥಾನದ ಸೇವೆಗೆ ಹೋಗ್ತೀನಿ ಅಂತಿದ್ದೆ?”

ಸರಸ್ವತಿ ಬೆಳ್ಳುಳ್ಳಿ ಸುಲಿಯುತ್ತಲೇ ಇದ್ದಳು. “ನಿಜ ಹೇಳಿದ್ರೆ ಕಳಿಸ್ತಿದ್ರಾ?”

“ಈಗ ಬಡ್ಡಿಗೆಲ್ಲ ಟ್ಯಾಕ್ಸ್ ಬೀಳುತ್ತೆ, ಗೊತ್ತಾ? ನಾಳೆನೇ ಬಿಟ್ಬಿಡು ಆ ಕೆಲಸ.”

“ದುಡ್ಡು ನನ್ನ ಹೆಸರಲ್ಲಿರಬಹುದು, ಸಂಬಳ ಇರಬಾರದಾ?”

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು, ಲ್ಯಾಪ್‌ಟಾಪನ್ನು ನಿಧಾನವಾಗಿ ತನ್ನ ಕಡೆಗೆ ತಿರುಗಿಸಿಕೊಂಡಳು.

“ಟ್ಯಾಕ್ಸ್ ಬೀಳ್ಲಿ ಬಿಡ್ರೀ. ನನ್ನ ಸಂಬಳದಲ್ಲೇ ಕಟ್ತೀನಿ,” ಎಂದವಳೇ ಸಬ್ಮಿಟ್ ಒತ್ತಿದಳು.